ಗಣಕಯಂತ್ರವು ತಪ್ಪನ್ನು ತಿಳಿಸುವ ಬಗೆ

ತಪ್ಪು ಮಾಡುವುದು ಕಲಿಯುವವನ ಸ್ವಭಾವ. ಆ ತಪ್ಪನ್ನು ಅವನಿಗೆ ತಿಳಿಯುವಂತೆ ಹೇಳುವುದು ಕಲಿಸುವವನ ಧರ್ಮ. ಶಾಲೆಗಳಲ್ಲಿ ಇದು ಬಹುಕಾಲದಿಂದ ನಡೆದುಬಂದ ಮಾತು. ಆದರೆ ಇಂದು ನಮ್ಮ ಮಕ್ಕಳಿಗೆ ತಪ್ಪನ್ನು ತೋರಿಸುವವರು ಉಪಾಧ್ಯಾಯರು ಮಾತ್ರವೇ ಅಲ್ಲ, ಗಣಕಯಂತ್ರವೂ ತೋರಿಸುತ್ತದೆ. ಅದು ತೋರಿಸುವ ರೀತಿ ಹೇಗಿದೆ, ಹೇಗಿರಬೇಕು, ಆ ಮಾತುಗಳನ್ನು ಬರೆಯುವ ಹೊಣೆ ಯಾರದು ಎಂಬುದನ್ನು ಈ ಲೇಖನದಲ್ಲಿ ನಮಗೆ ತಿಳಿದಮಟ್ಟಿಗೆ ವಿವರಿಸಲು ಯತ್ನಿಸುತ್ತೇವೆ. ವಿಷಯವು ಹೊಸದಾಗಿ ಕಂಡರೂ ಅದರ ತಿರುಳು ನಮ್ಮ ಬೆಟ್ಟದ ಜನರಿಗೆ ಚೆನ್ನಾಗಿ ಪರಿಚಿತವಾದುದೇ. ಅದು ಹೇಗೆಂಬುದಕ್ಕೆ ಎರಡು ಪ್ರಸಂಗಗಳನ್ನು ಮೊದಲು ಹೇಳುತ್ತೇವೆ.

ನಮ್ಮ ಶಾಲೆಯ ಬಾಲಕನೊಬ್ಬನ ತಂದೆಯವರು ಮಗನ ವಿದ್ಯಾರ್ಥಿವೇತನಕ್ಕಾಗಿ ಅರ್ಜಿ ಹಾಕಿದ್ದರು. ಬೆಟ್ಟದ ಕೆಳಗಿನ ಒಂದು ಕಚೇರಿಯಿಂದ ಅರ್ಜಿ ಹಿಂದಕ್ಕೆ ಬಂತು. ಅದರ ಮೇಲೆ 'ಸರಿಯಿಲ್ಲ' ಎಂಬರ್ಥದ ಒಂದೇ ಮಾತು. ಕೆಳಗೆ ಯಾವುದೋ ನಿಯಮದ ಸಂಖ್ಯೆ. ಆಲೂಗೆಡ್ಡೆ ಕೀಳುವ ಕಾಲದಲ್ಲಿ ಹೊಲದ ಕೆಲಸ ಬಿಟ್ಟು ಅವರು ದಿಂಬಂ ಘಟ್ಟದ ೨೭ ತಿರುವುಗಳನ್ನು ಇಳಿದರು, ಹತ್ತಿದರು, ಮತ್ತೆ ಇಳಿದರು. ಮೂರನೆಯ ಸಲ ನಾವೂ ಜೊತೆಯಲ್ಲಿ ಹೋಗಿ ವಿಚಾರಿಸಿದಾಗ ತಿಳಿದುಬಂದುದು ಇಷ್ಟೆ: ಒಂದು ಪತ್ರದಲ್ಲಿ ಬಾಲಕನ ಹೆಸರಿನೊಡನೆ ತಂದೆಯ ಹೆಸರಿನ ಮೊದಲಕ್ಷರವಿತ್ತು, ಇನ್ನೊಂದರಲ್ಲಿ ಇರಲಿಲ್ಲ. ಒಂದಕ್ಷರ ಸೇರಿಸಿದೊಡನೆ ಕೆಲಸವಾಯಿತು. "ಇನಿಷಿಯಲ್ ಬಿಟ್ಟುಹೋಗಿದೆ ಎಂದು ಮೊದಲೇ ಬರೆದಿದ್ದರೆ ಅಂದೇ ಸರಿಮಾಡಿ ಕೊಡುತ್ತಿದ್ದೆನಲ್ಲ, ಸಾರ್" ಎಂದು ಅವರು ನೊಂದು ನುಡಿದರು.

ಎರಡನೆಯದು ಕಳೆದ ಸಂಕ್ರಾಂತಿಯ ರಜೆಯಲ್ಲಿ ನಡೆದುದು. ನಮ್ಮಲ್ಲಿ ಓದಿ, ಈಗ ಬಯಲುಸೀಮೆಯ ಕಾಲೇಜೊಂದರಲ್ಲಿ ಗಣಕವಿಜ್ಞಾನವನ್ನು ಕಲಿಯುತ್ತಿರುವ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದು ನಮ್ಮ ಮನೆಗೆ ಬಂದಳು. ಕೆಲವು ಅಂಕಗಳನ್ನು ಕಡಮೆಯಿಂದ ಹೆಚ್ಚಿಗೆ ಜೋಡಿಸುವ ಹತ್ತು ಸಾಲಿನ ಒಂದು ಪ್ರೋಗ್ರಾಮನ್ನು ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆದಿದ್ದಳು. ಗುಂಡಿ ಒತ್ತಿದೊಡನೆ ಪರದೆ ತುಂಬ ಇಂಗ್ಲಿಷ್ ಸಾಲುಗಳು ಸುರಿದವು. ಅವಳ ಹತ್ತು ಸಾಲಿಗೆ ಯಂತ್ರದ ಉತ್ತರ ಹಲವು ಪುಟ. ಮೊದಲ ದೂರು ಮೈನಸ್ ಚಿಹ್ನೆಯ ವಿಷಯವಾಗಿತ್ತು. "ಸಾರ್, ನಾನು ಇದರಲ್ಲಿ ಎಲ್ಲಿಯೂ ಕಳೆಯಲೇ ಇಲ್ಲ. ಇಲ್ಲದ ಮೈನಸ್ಸಿಗೆ ನನ್ನನ್ನು ಬೈಯುತ್ತದೆ. ಕನ್ನಡದಲ್ಲಿ ಓದಿ ಬಂದವರಿಗೆ ಇದು ಹತ್ತದ ವಿದ್ಯೆಯೇನೋ. ಬೇರೆ ವಿಷಯಕ್ಕೆ ಹೋಗಿಬಿಡಲೇ?" ಎಂದು ಕೇಳಿದಳು.

ನಾವು ಬಿ.ಎ. ಓದಿ ಭಾಷೆಯನ್ನು ಕಲಿಸುವವರು, ಗಣಕಶಾಸ್ತ್ರದ ಪಂಡಿತರಲ್ಲ. ಆದರೂ ಆ ಪ್ರಶ್ನೆಗೆ ಅಂದೇ ಉತ್ತರ ಕೊಡಲಾರದೆ ಹೋದುದು ನಮ್ಮನ್ನು ಕಾಡಿತು. ಬಲ್ಲವರನ್ನು ಕೇಳಿ, ಓದಿ ತಿಳಿದುಕೊಂಡುದರ ಸಾರವೇ ಮುಂದಿನದು.

ಕಂಪೈಲರ್ ಮತ್ತು ಲೈಬ್ರರಿ

ಗಣಕಯಂತ್ರಕ್ಕೆ ತಿಳಿಯುವುದು ತನ್ನದೇ ಆದ ಸಂಖ್ಯಾರೂಪದ ಆಜ್ಞೆಗಳು ಮಾತ್ರ. ಮನುಷ್ಯನು ಓದಬಲ್ಲ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಆ ಆಜ್ಞೆಗಳಾಗಿ ಮಾರ್ಪಡಿಸುವ ಅನುವಾದಕನೇ ಕಂಪೈಲರ್. ಅಮೆರಿಕದ ಗ್ರೇಸ್ ಹಾಪರ್ ಎಂಬ ಮಹಿಳೆ ೧೯೫೨ರಲ್ಲಿ ಸಿದ್ಧಪಡಿಸಿದ ಎ-೦ ಎಂಬುದು ಈ ಜಾತಿಯ ಮೊದಲ ಸಾಧನಗಳಲ್ಲಿ ಒಂದು. ಅನುವಾದ ಮಾಡುವಾಗ ಕಂಪೈಲರು ಬರೆಹವನ್ನು ಪರೀಕ್ಷಿಸಿ, ತಪ್ಪಿದ್ದರೆ ಅಲ್ಲಿಯೇ ತಡೆದು ದೋಷಸೂಚನೆಯನ್ನು ಮುದ್ರಿಸುತ್ತದೆ. ಇದು ಒಳ್ಳೆಯದೇ. ಹುಳುಕು ಬೀಜವನ್ನು ಬಿತ್ತುವ ಮೊದಲು ಆರಿಸಿ ಎಸೆದರೆ ನಷ್ಟ ಒಂದು ಹಿಡಿ. ಬಿತ್ತಿದ ಮೇಲೆ ತಿಳಿದರೆ ನಷ್ಟ ಒಂದು ಬೆಳೆ.

ಇನ್ನು ಲೈಬ್ರರಿ. ಪ್ರತಿಯೊಬ್ಬ ರೈತನೂ ತನ್ನ ಕುಡುಗೋಲನ್ನು ತಾನೇ ಬಡಿದು ಮಾಡಿಕೊಳ್ಳುವುದಿಲ್ಲ, ಕಮ್ಮಾರನಿಂದ ಕೊಳ್ಳುತ್ತಾನೆ. ಹಾಗೆಯೇ ಜೋಡಿಸುವುದು, ಹುಡುಕುವುದು, ಎಣಿಸುವುದು ಮುಂತಾದ ನಿತ್ಯದ ಕೆಲಸಗಳಿಗೆ ಬಲ್ಲವರು ಮೊದಲೇ ಬರೆದಿಟ್ಟ ಸಿದ್ಧ ಸಾಧನಗಳು ಭಾಷೆಯೊಡನೆಯೇ ಬರುತ್ತವೆ. ಈ ಸಂಗ್ರಹಕ್ಕೆ ಸ್ಟ್ಯಾಂಡರ್ಡ್ ಲೈಬ್ರರಿ ಎಂದು ಹೆಸರು. ನಮ್ಮ ಹುಡುಗಿ ಬಳಸಿದ ಸಾರ್ಟ್ ಎಂಬ ಜೋಡಣೆಯ ಸಾಧನವು ೧೯೯೮ರಲ್ಲಿ ಪ್ರಕಟವಾದ ಸಿ ಪ್ಲಸ್ ಪ್ಲಸ್‌ನ ಮೊದಲ ಅಂತಾರಾಷ್ಟ್ರೀಯ ಪ್ರಮಾಣಗ್ರಂಥದಲ್ಲಿಯೇ ಸೇರಿದುದು.

ವ್ಯಾಕರಣದ ತಪ್ಪು

ದೋಷಸೂಚನೆಗಳಲ್ಲಿ ಎರಡು ಬಗೆಯುಂಟು. ಮೊದಲನೆಯದು ಭಾಷೆಯ ವ್ಯಾಕರಣಕ್ಕೆ ಸೇರಿದ ತಪ್ಪು. ಇದನ್ನು ಚೆನ್ನಾಗಿ ಹೇಳುವುದು ಕಂಪೈಲರ್ ಬರೆದವರ ಕೈಯಲ್ಲಿಯೇ ಇದೆ. ೨೦೧೮ರಿಂದ ಈಚೆಗೆ ನಮ್ಮ ತಮಿಳುನಾಡಿನ ೧೧ನೆಯ ತರಗತಿಯ ಗಣಕವಿಜ್ಞಾನದ ಪಠ್ಯಕ್ಕೆ ಸಿ ಪ್ಲಸ್ ಪ್ಲಸ್ ಭಾಷೆಯೂ ೧೨ನೆಯ ತರಗತಿಗೆ ಪೈಥಾನ್ ಭಾಷೆಯೂ ಸೇರಿದವಷ್ಟೆ. ಪೈಥಾನಿನಲ್ಲಿ ಒಂದು ಆವರಣಚಿಹ್ನೆಯನ್ನು ತೆರೆದು ಮುಚ್ಚಲು ಮರೆತರೆ, ಹಿಂದೆ 'ವ್ಯಾಕರಣ ಸರಿಯಿಲ್ಲ' ಎಂಬ ಬರಿಯ ಮಾತು ಬರುತ್ತಿತ್ತು. ಅದೂ ಮುಂದಿನ ಸಾಲನ್ನು ತೋರಿಸಿ! ತಪ್ಪಿಲ್ಲದ ಸಾಲಿನಲ್ಲಿ ತಪ್ಪನ್ನು ಹುಡುಕುತ್ತ ಮಕ್ಕಳು ಗಂಟೆಗಟ್ಟಲೆ ಬಳಲಬೇಕಾಗಿತ್ತು. ೨೦೨೧ರ ಅಕ್ಟೋಬರಿನಲ್ಲಿ ಹೊರಬಂದ ೩.೧೦ನೆಯ ಆವೃತ್ತಿಯಲ್ಲಿ ಇದನ್ನು ತಿದ್ದಿದರು. ಈಗ ಅದು ಚಿಹ್ನೆ ತೆರೆದ ಜಾಗವನ್ನೇ ತೋರಿಸಿ 'ಈ ಆವರಣವನ್ನು ಮುಚ್ಚಿಯೇ ಇಲ್ಲ' ಎನ್ನುತ್ತದೆ. ಮಗು ಮಾಡಿದ ತಪ್ಪು ಹಿಂದಿನದೇ. ಬದಲಾದುದು ಹೇಳುವ ಮಾತು ಮಾತ್ರ.

ಲೈಬ್ರರಿಯೊಳಗಿನ ತಪ್ಪು

ಎರಡನೆಯ ಬಗೆ ಇದಕ್ಕಿಂತ ತೊಡಕಾದುದು. ವಾಕ್ಯ ವ್ಯಾಕರಣಬದ್ಧವಾಗಿರುತ್ತದೆ, ಆದರೆ ಲೈಬ್ರರಿಯ ಸಾಧನಕ್ಕೆ ಒಗ್ಗದ ವಸ್ತುವನ್ನು ಕೊಟ್ಟಿರುತ್ತೇವೆ. ನಮ್ಮ ಹುಡುಗಿಯ ತೊಂದರೆ ಇದೇ ಆಗಿತ್ತು.

ಸಂಖ್ಯೆಗಳನ್ನು ಸಾಲಾಗಿ ಇಡಲು ಆ ಭಾಷೆಯಲ್ಲಿ ಹಲವು ವಿಧಾನಗಳಿವೆ. ವೆಕ್ಟರ್ ಎಂಬುದು ಪರೀಕ್ಷಾ ಕೊಠಡಿಯ ಸಂಖ್ಯೆ ಹಾಕಿದ ಆಸನಗಳಂತೆ. ೨೦ನೆಯ ಆಸನ ಬೇಕೆಂದರೆ ನೇರವಾಗಿ ಅಲ್ಲಿಗೆ ಹೋಗಬಹುದು. ಲಿಸ್ಟ್ ಎಂಬುದು ಕೈ ಕೈ ಹಿಡಿದು ನಿಂತ ಮಕ್ಕಳ ಸಾಲಿನಂತೆ. ಮೊದಲನೆಯವನನ್ನು ಕೇಳಿ ಎರಡನೆಯವನನ್ನು, ಅವನನ್ನು ಕೇಳಿ ಮೂರನೆಯವನನ್ನು ಕಾಣಬೇಕು. ಸಾರ್ಟ್ ಎಂಬ ಸಾಧನವು ಸಾಲಿನ ನಡುವೆ ಎಲ್ಲಿಗೆ ಬೇಕಾದರೂ ನೆಗೆಯಬಲ್ಲೆನೆಂದು ನಂಬಿ ಕೆಲಸ ಮಾಡುತ್ತದೆ. ಸಾಲಿನ ಉದ್ದವನ್ನು ತಿಳಿಯಲು ಕೊನೆಯ ಸ್ಥಾನದಿಂದ ಮೊದಲ ಸ್ಥಾನವನ್ನು ಕಳೆಯುತ್ತದೆ. ಹುಡುಗಿ ಕೊಟ್ಟುದು ಲಿಸ್ಟ್. ಅದರಲ್ಲಿ ಸ್ಥಾನಗಳನ್ನು ಕಳೆಯಲು ಬರುವುದಿಲ್ಲ. ಆದುದರಿಂದಲೇ ಕಂಪೈಲರು ಮೈನಸ್ ಚಿಹ್ನೆಯ ಬಗ್ಗೆ ದೂರಿತು. ಕಳೆದವಳು ಅವಳಲ್ಲ, ಲೈಬ್ರರಿ!

ಕಂಪೈಲರು ಹೇಳಿದುದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅದು ಲೈಬ್ರರಿಯ ಒಳಮನೆಯ ಸತ್ಯ. ಹೊರಗೆ ನಿಂತು ಬಳಸುವವಳಿಗೆ ಅದರಿಂದ ಪ್ರಯೋಜನವಿಲ್ಲ. ಕುಡುಗೋಲು ಕೊಳ್ಳಲು ಹೋದವನಿಗೆ ಕಮ್ಮಾರನು ತನ್ನ ತಿದಿಯ ತೊಗಲಿನ ಕಥೆ ಹೇಳಿದಂತಾಯಿತು. ಅವಳಿಗೆ ಬೇಕಾಗಿದ್ದುದು ಇಷ್ಟು ಮಾತು: 'ಸಾರ್ಟ್‌ಗೆ ಯಾವ ಸ್ಥಾನಕ್ಕಾದರೂ ನೇರವಾಗಿ ಹೋಗಬಹುದಾದ ಸಾಲು ಬೇಕು. ನೀವು ಕೊಟ್ಟಿರುವುದು ಲಿಸ್ಟ್. ಲಿಸ್ಟ್‌ಗೆ ಅದರದೇ ಆದ ಸಾರ್ಟ್ ಇದೆ, ಅದನ್ನು ಬಳಸಿ.' ಇದನ್ನು ತಿಳಿದ ಮೇಲೆ ಅವಳು ಒಂದು ಸಾಲನ್ನು ಬದಲಾಯಿಸಿದಳು, ಪ್ರೋಗ್ರಾಮು ನಡೆಯಿತು.

ಮಾತನ್ನು ಬರೆಯುವ ಹೊಣೆ

ಕಂಪೈಲರು ತಾನೇ ಏಕೆ ಹಾಗೆ ಹೇಳಬಾರದು ಎಂದು ಓದುಗರು ಕೇಳಬಹುದು. ಅದಕ್ಕೆ ತಿಳಿಯದು. ಅದು ವಾಕ್ಯದ ರಚನೆಯನ್ನು ಬಲ್ಲುದೇ ಹೊರತು ಸಾರ್ಟ್ ಎಂಬ ಸಾಧನದ ಉದ್ದೇಶವನ್ನು ಅರಿಯದು. ಉದ್ದೇಶವನ್ನು ಬಲ್ಲವನು ಲೈಬ್ರರಿಯನ್ನು ಬರೆದವನು. ಬಳಸುವವರು ಎಲ್ಲಿ ಎಡವುವರೆಂಬುದೂ ಅವನಿಗೆ ತಿಳಿದಿರುತ್ತದೆ. ಆದುದರಿಂದ ಎಡವುವ ಕಡೆಯಲ್ಲಿ ತನ್ನ ಮಾತನ್ನು ಬರೆದಿಡಬೇಕಾದವನು ಅವನೇ. ಹಾಗೆ ಬರೆಯಲು ಅವಕಾಶ ಮಾಡಿಕೊಡಬೇಕಾದುದು ಭಾಷೆಯ ಕೆಲಸ. ನಾವು ಈ ಲೇಖನದಲ್ಲಿ ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಸಿ ಪ್ಲಸ್ ಪ್ಲಸ್‌ನಲ್ಲಿ ಈ ಅವಕಾಶವು ೨೦೧೧ರ ಪ್ರಮಾಣಗ್ರಂಥದೊಡನೆ ಬಂತು. ಅದರ ಹೆಸರು ಸ್ಟ್ಯಾಟಿಕ್ ಅಸರ್ಟ್. 'ಈ ನಿಯಮ ನಿಜವಾಗಿರದಿದ್ದರೆ ಇಲ್ಲಿಯೇ ನಿಲ್ಲಿಸಿ ಈ ವಾಕ್ಯವನ್ನು ಹೇಳು' ಎಂದು ಲೈಬ್ರರಿಕಾರನು ಅದರಿಂದ ಕಂಪೈಲರಿಗೆ ಅಪ್ಪಣೆ ಮಾಡಬಹುದು. ಜಿಸಿಸಿ ಎಂಬ ಪ್ರಸಿದ್ಧ ಕಂಪೈಲರಿನೊಡನೆ ಬರುವ ಲೈಬ್ರರಿಯಲ್ಲಿ ಇದರ ಎರಡು ಉದಾಹರಣೆಗಳನ್ನು ಹೋಲಿಸಿ ನೋಡಬಹುದು. ಬದಲಾಯಿಸಬಾರದೆಂಬ ಗುರುತುಳ್ಳ ಸಂಖ್ಯೆಗಳ ವೆಕ್ಟರನ್ನು ಮಾಡಹೊರಟರೆ, 'ವೆಕ್ಟರಿನಲ್ಲಿಡುವ ವಸ್ತುವಿಗೆ ಅಂತಹ ಗುರುತು ಇರಕೂಡದು' ಎಂಬ ಭಾವದ ವಾಕ್ಯ ಬರುತ್ತದೆ. ಓದಿದವನಿಗೆ ತನ್ನ ಸಾಲಿನಲ್ಲಿ ಯಾವ ಪದವನ್ನು ತೆಗೆಯಬೇಕೆಂದು ಕೂಡಲೆ ಹೊಳೆಯುತ್ತದೆ.

ಎರಡನೆಯದು ಥ್ರೆಡ್ ಎಂಬ ಸಾಧನದ್ದು. ಒಂದು ಕೆಲಸವನ್ನು ಬೇರೊಬ್ಬ ಕೆಲಸಗಾರನಿಗೆ ಒಪ್ಪಿಸುವಂತೆ ಪ್ರೋಗ್ರಾಮಿನ ಒಂದು ಭಾಗವನ್ನು ಇದು ಬೇರೆಯಾಗಿ ನಡೆಸುತ್ತದೆ. ಒಪ್ಪಿಸಿದ ಕಾಗದಗಳ ನಕಲನ್ನು ಮಾತ್ರ ಕೆಲಸಗಾರನಿಗೆ ಕೊಡುವುದು ಇದರ ಪದ್ಧತಿ. ಕೆಲಸಗಾರನಿಗೆ ಮೂಲಪತ್ರವನ್ನೇ ತಿದ್ದಬೇಕಾಗಿದ್ದರೆ, 'ರೆಫ್' ಎಂಬ ಹೊದಿಕೆಯಲ್ಲಿಟ್ಟು ಮೂಲವನ್ನು ಕೊಡಬೇಕು. ಇದನ್ನು ಮರೆತವರಿಗೆ ಬರುವ ಸೂಚನೆಯ ಭಾವ ಹೀಗಿದೆ: 'ಥ್ರೆಡ್ಡಿಗೆ ಕೊಟ್ಟ ವಸ್ತುಗಳು ಆರ್‌ವ್ಯಾಲ್ಯೂಗಳಾಗಿ ಮಾರ್ಪಟ್ಟ ಮೇಲೆ ಕರೆಯಲು ಬರುವಂತಿರಬೇಕು.' ಇದು ನಿಯಮದ ದೃಷ್ಟಿಯಿಂದ ಶುದ್ಧ. ಕಲಿಯುವವನ ದೃಷ್ಟಿಯಿಂದ ಕತ್ತಲೆ. ನಕಲು, ಮೂಲ, ರೆಫ್ ಎಂಬ ಮೂರು ಮಾತುಗಳಲ್ಲಿ ಒಂದೂ ಅದರಲ್ಲಿಲ್ಲ. ಒಂದೇ ಲೈಬ್ರರಿ, ಒಂದೇ ಸಾಧನ. ಒಂದು ಸೂಚನೆ ಬಳಸುವವನ ಕಡೆಯಿಂದ ನೋಡಿ ಬರೆದುದು, ಇನ್ನೊಂದು ಲೈಬ್ರರಿಯ ಒಳಗಿನಿಂದ ನೋಡಿ ಬರೆದುದು. ಆದುದರಿಂದ ಹೇಳಲು ಅವಕಾಶವಿದ್ದರೆ ಸಾಲದು, ಹೇಳಲು ಬರಲೂ ಬೇಕು.

೨೦೨೦ರ ಪ್ರಮಾಣಗ್ರಂಥದಲ್ಲಿ ಕಾನ್ಸೆಪ್ಟ್ ಎಂಬ ಮತ್ತೊಂದು ಏರ್ಪಾಡು ಸೇರಿತು. ಸಾಧನಕ್ಕೆ ಬೇಕಾದ ಯೋಗ್ಯತೆಗಳನ್ನು ಹೆಸರಿಟ್ಟು ಬಾಗಿಲಿನಲ್ಲಿಯೇ ಬರೆದಿಡುವುದು ಇದರ ಕ್ರಮ. ಹೊಸ ಮಾದರಿಯ ಸಾರ್ಟ್‌ಗೆ ಲಿಸ್ಟನ್ನು ಕೊಟ್ಟರೆ, ಒಳಗಿನ ಮೈನಸ್ಸಿನವರೆಗೆ ಹೋಗದೆ, ನೇರವಾಗಿ ಸ್ಥಾನ ಹಿಡಿಯುವ ಯೋಗ್ಯತೆ ಇದಕ್ಕಿಲ್ಲವೆಂದು ಬಾಗಿಲಿನಲ್ಲಿಯೇ ತಡೆಯುತ್ತದೆ. ಮಾತು ಇನ್ನೂ ಉದ್ದವೇ. ಆದರೂ ಹಿಂದಿನದಕ್ಕಿಂತ ಮೇಲು.

'ತಾಳವಾಡಿ'ಯ ಮೊದಲ ಅಕ್ಷರ

ಈ ವಿಷಯದಲ್ಲಿ ಹೆಚ್ಚು ಶ್ರಮ ವಹಿಸಿದ ಭಾಷೆಗಳಲ್ಲಿ ರಸ್ಟ್ ಎಂಬುದು ಒಂದು. ೨೦೧೫ರ ಮೇ ತಿಂಗಳಲ್ಲಿ ಇದರ ಮೊದಲ ಸ್ಥಿರ ಆವೃತ್ತಿ ಹೊರಬಂತು. ಇದರ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ, ಬಳಸುವವರು ಎಡವುವ ಕಡೆಗಳಲ್ಲಿ ಲೈಬ್ರರಿಕಾರರು ಸ್ವಂತ ವಾಕ್ಯಗಳನ್ನು ಬರೆದಿಟ್ಟಿದ್ದಾರೆ. ಅದೇ ಬಗೆಯ ಸೌಕರ್ಯವು ೨೦೨೪ರ ಮೇ ತಿಂಗಳ ೧.೭೮ನೆಯ ಆವೃತ್ತಿಯಿಂದ ಬೇರೆ ಲೈಬ್ರರಿಗಳನ್ನು ಬರೆಯುವವರಿಗೂ ದೊರೆಯಿತು. ಇದರ ಒಂದು ಸೂಚನೆ ಕನ್ನಡಿಗರಾದ ನಮಗೆ ವಿಶೇಷವಾಗಿ ಸಂಬಂಧಿಸಿದುದು.

'ತಾಳವಾಡಿ' ಎಂಬ ಪದವನ್ನು ಗಣಕಯಂತ್ರದಲ್ಲಿಟ್ಟು, ಇದರ ಮೊದಲ ಅಕ್ಷರವನ್ನು ಕೊಡು ಎಂದು ಕೇಳಬೇಕಾಗಿದೆಯೆನ್ನೋಣ. ನಮ್ಮ ಲೆಕ್ಕಕ್ಕೆ ಅದರಲ್ಲಿ ೪ ಅಕ್ಷರಗಳು: ತಾ, ಳ, ವಾ, ಡಿ. ಯುನಿಕೋಡಿನ ಲೆಕ್ಕದಲ್ಲಿ ದೀರ್ಘವೂ ಗುಡಿಸೂ ಬೇರೆ ಬೇರೆ ಚಿಹ್ನೆಗಳಾದುದರಿಂದ ಒಟ್ಟು ೭. ಯಂತ್ರದೊಳಗೆ ಸಾಮಾನ್ಯವಾಗಿ ಬಳಸುವ ಯುಟಿಎಫ್-೮ ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ೩ ಬೈಟುಗಳ ಜಾಗ ಬೇಕು. ಆದುದರಿಂದ ೨೧ ಬೈಟುಗಳು. ಹಾಗಾದರೆ 'ಮೊದಲನೆಯದು' ಎಂದರೆ ಯಾವುದು? ಈ ಪದ್ಧತಿಯಲ್ಲಿಟ್ಟ ಪದವನ್ನು ಸಿ ಪ್ಲಸ್ ಪ್ಲಸ್‌ನ ಸಾಮಾನ್ಯ ಪಠ್ಯಸಾಧನಕ್ಕೆ ಕೊಟ್ಟು ಕೇಳಿದರೆ, ಅದು ಏನೂ ಹೇಳದೆ ಮೊದಲ ಬೈಟನ್ನು, ಎಂದರೆ 'ತ'ಕಾರದ ಮೂರನೆಯ ಒಂದು ಪಾಲನ್ನು, ಕೈಗೆ ಕೊಡುತ್ತದೆ! ರಸ್ಟ್ ಹಾಗೆ ಮಾಡದೆ ಕಂಪೈಲ್ ಮಾಡುವಾಗಲೇ ತಡೆಯುತ್ತದೆ. ಪಠ್ಯದೊಳಗೆ ಬರಿಯ ಸಂಖ್ಯೆಯಿಂದ ಸ್ಥಾನ ಹಿಡಿಯಲಾಗದೆಂದು ಹೇಳಿ, ಬದಲಿಗೆ ಚಿಹ್ನೆಗಳಲ್ಲಿ ಇಂತಿಷ್ಟನೆಯದು ಅಥವಾ ಬೈಟುಗಳಲ್ಲಿ ಇಂತಿಷ್ಟನೆಯದು ಎಂದು ಕೇಳಬಹುದೆಂದು ಸಲಹೆ ಕೊಟ್ಟು, ತನ್ನ ಪಠ್ಯಪುಸ್ತಕದ ೮ನೆಯ ಅಧ್ಯಾಯವನ್ನು ನೋಡಲು ಹೇಳುತ್ತದೆ. ತಡೆ, ಕಾರಣ, ದಾರಿ ಮೂರೂ ಇಲ್ಲಿವೆ.

ಆದರೆ ಕನ್ನಡಿಗನು ಆ ಸಲಹೆಯಂತೆ ಮೊದಲ ಚಿಹ್ನೆಯನ್ನು ಕೇಳಿದರೆ ಸಿಕ್ಕುವುದು 'ತ', 'ತಾ' ಅಲ್ಲ. ಎರಡನೆಯದನ್ನು ಕೇಳಿದರೆ ಬರಿಯ ದೀರ್ಘಚಿಹ್ನೆ. ಕನ್ನಡದ ಅಕ್ಷರವನ್ನು ಇಡಿಯಾಗಿ ಬಿಡಿಸುವ ಸಾಧನವು ಆ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಇಲ್ಲ; ಬೇರೆ ಲೈಬ್ರರಿಯನ್ನು ತರಬೇಕು. ಆ ಸೂಚನೆಯನ್ನು ಬರೆದವರನ್ನು ನಾವು ದೂಷಿಸುವುದಿಲ್ಲ. ಎಷ್ಟು ಸ್ಪಷ್ಟವಾಗಿ ಬರೆದರೂ ಬರೆಯುವವನು ತಾನು ಕಂಡ ಓದುಗನಿಗಾಗಿಯೇ ಬರೆಯುತ್ತಾನೆ. ಕನ್ನಡ ಬಲ್ಲವರು ಆ ಕೆಲಸದಲ್ಲಿ ಸೇರಿದಾಗಲ್ಲವೆ ಕನ್ನಡದ ಓದುಗನೂ ಕಣ್ಣಿಗೆ ಬೀಳುವುದು?

ಒಳ್ಳೆಯ ಸೂಚನೆಯ ಲಕ್ಷಣ

ದಿಂಬಂ ಘಟ್ಟದಲ್ಲಿ ಬಸ್ಸು ಕೆಟ್ಟು ನಿಂತಿತೆಂದು ಭಾವಿಸೋಣ. ಡ್ರೈವರು ಡಿಪೋಗೆ 'ಬಸ್ಸು ಕೆಟ್ಟಿದೆ' ಎಂದಷ್ಟೇ ತಿಳಿಸಿದರೆ ಮೆಕ್ಯಾನಿಕ್ ಏನನ್ನು ತೆಗೆದುಕೊಂಡು ಎಲ್ಲಿಗೆ ಹೊರಡಬೇಕು? '೯ನೆಯ ತಿರುವು, ಹಿಂದಿನ ಎಡಚಕ್ರ, ಟಯರ್ ಸಿಡಿದಿದೆ, ಸ್ಟೆಪ್ನಿ ಇದೆ, ಜಾಕ್ ಇಲ್ಲ' ಎಂದರೆ ಜಾಕನ್ನು ಹಿಡಿದು ನೇರವಾಗಿ ಬರುತ್ತಾನೆ. ದೋಷಸೂಚನೆಯ ಲಕ್ಷಣಗಳೆಲ್ಲ ಇದರಲ್ಲಿ ಅಡಗಿವೆ. ಮೊದಲನೆಯದಾಗಿ, ತಪ್ಪಿನ ಸ್ಥಳವನ್ನು ಬಳಸುವವನ ಬರೆಹದಲ್ಲಿಯೇ ತೋರಿಸಬೇಕು. ಎರಡನೆಯದಾಗಿ, ಬೇಕಾಗಿದ್ದುದೇನು, ಬಂದುದೇನು ಎಂಬುದನ್ನು ಅಕ್ಕಪಕ್ಕದಲ್ಲಿ ಹೇಳಬೇಕು. ಮೂರನೆಯದಾಗಿ, ಬಳಸುವವನು ಬಲ್ಲ ಪದಗಳಲ್ಲಿ ಹೇಳಬೇಕು. ನಾಲ್ಕನೆಯದಾಗಿ, ನಿಶ್ಚಯವಾಗಿ ತಿಳಿದಿದ್ದರೆ ಪರಿಹಾರವನ್ನು ಹೇಳಬೇಕು. ತಿಳಿಯದಿದ್ದರೆ ಊಹೆ ಮಾಡಿ ದಾರಿ ತಪ್ಪಿಸಬಾರದು. ಕೊನೆಯದಾಗಿ, ನಿಂದೆ ಇರಕೂಡದು. ತಪ್ಪು ಬರೆಹದ್ದು, ಬರೆದವನದ್ದಲ್ಲ ಎಂಬ ಧಾಟಿಯಿರಬೇಕು.

ಸೂಚನೆ ಕನ್ನಡದಲ್ಲಿದ್ದರೆ ಎಲ್ಲವೂ ಸರಿಹೋಗುವುದೆ ಎಂದು ಕೆಲವರು ಕೇಳುವರು. ಕನ್ನಡದಲ್ಲಿ ಆಜ್ಞೆಗಳನ್ನು ಕೊಡಲು ಸಾಧ್ಯವೆಂಬುದನ್ನು ಡಾ. ಯು. ಬಿ. ಪವನಜ ಅವರು ಮಕ್ಕಳ ಲೋಗೋ ಭಾಷೆಯನ್ನು ಕನ್ನಡದಲ್ಲಿ ಸಿದ್ಧಪಡಿಸಿ ತೋರಿಸಿಕೊಟ್ಟಿದ್ದಾರೆ. ಅಂತಹ ಕೆಲಸ ಬೆಳೆಯಬೇಕು. ಆದರೆ ಇಂಗ್ಲಿಷಿನ ಕತ್ತಲೆಯನ್ನು ಪದಕ್ಕೆ ಪದವಿಟ್ಟು ಕನ್ನಡಕ್ಕೆ ತಂದರೆ ಅದು ಕನ್ನಡದ ಕತ್ತಲೆಯಾಗುವುದಷ್ಟೆ. 'ಅನಿರೀಕ್ಷಿತ ಸಂಕೇತವು ಎದುರಾಯಿತು' ಎಂಬುದಕ್ಕೂ '೪ನೆಯ ಸಾಲಿನಲ್ಲಿ ತೆರೆದ ಆವರಣ ಮುಚ್ಚಿಲ್ಲ' ಎಂಬುದಕ್ಕೂ ಎಷ್ಟು ಅಂತರ! ಎರಡೂ ಕನ್ನಡವೇ. ಹುಡುಗಿಯ ಕಷ್ಟಕ್ಕೆ ಅವಳ ಕನ್ನಡ ಮಾಧ್ಯಮ ಕಾರಣವಾಗಿರಲಿಲ್ಲ. ಆ ಸೂಚನೆಗೆ ಇಂಗ್ಲಿಷಿನಲ್ಲಿಯೇ ಹುಟ್ಟಿ ಬೆಳೆದವರೂ ತಲೆ ಕೆರೆದುಕೊಂಡಿದ್ದಾರೆ. ಆದುದರಿಂದಲೇ ಅದನ್ನು ತಿದ್ದಲು ೨೦೧೧ರ, ೨೦೨೦ರ ಏರ್ಪಾಡುಗಳು ಬೇಕಾದುದು. ಇದನ್ನು ಹೇಳಿದಾಗ ಅವಳ ಮುಖ ಅರಳಿತು. ಬೇರೆ ವಿಷಯಕ್ಕೆ ಹೋಗುವ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ವಿದ್ಯಾರ್ಥಿಗಳಿಗೆ ನಮ್ಮ ಬುದ್ಧಿವಾದ ಇಷ್ಟು: ಪರದೆ ತುಂಬ ಸೂಚನೆಗಳು ಬಂದಾಗ ಹೆದರಬೇಡಿರಿ. ಮೊದಲನೆಯದನ್ನು ಮೊದಲು ಓದಿರಿ. ಉಳಿದವು ಅನೇಕ ವೇಳೆ ಅದರ ಮರಿಗಳು. ಅದರಲ್ಲಿ ನಿಮ್ಮ ಕಡತದ ಹೆಸರೂ ಸಾಲಿನ ಸಂಖ್ಯೆಯೂ ಎಲ್ಲಿವೆಯೆಂದು ಹುಡುಕಿರಿ. ಅರ್ಥವಾಗದಿದ್ದರೆ ಕೇಳಿರಿ, ಕೇಳುವುದು ದಡ್ಡತನವಲ್ಲ. ಮುಂದೆ ನಿಮ್ಮಲ್ಲಿ ಯಾರಾದರೂ ಹತ್ತು ಜನರು ಬಳಸುವ ಸಾಧನವನ್ನು ಮಾಡಿದರೆ, ಎಡವುವ ಜಾಗದಲ್ಲಿ ಒಂದು ಒಳ್ಳೆಯ ವಾಕ್ಯವನ್ನು ಬರೆದಿಡಿರಿ. ಅದನ್ನು ಬರೆಯಲು ಗಣಿತದಷ್ಟೇ ಭಾಷೆಯೂ ಬೇಕು. ಶಾಲೆಯಲ್ಲಿ ಪ್ರಬಂಧ ಬರೆಸುವುದು ವ್ಯರ್ಥವಲ್ಲವೆಂದು ಆಗ ತಿಳಿಯುವುದು.

ಪೋಷಕರಲ್ಲಿಯೂ ಒಂದು ಬಿನ್ನಹ. ಮಗು ತನಗೆ ಬರುವುದಿಲ್ಲವೆಂದು ಅತ್ತಾಗ, ಬಾರದಿರುವುದು ಮಗುವಿಗೋ ಹೇಳುವವನಿಗೋ ಎಂಬುದನ್ನು ಒಮ್ಮೆ ವಿಚಾರಿಸಿರಿ. ಉಪಾಧ್ಯಾಯರಾದ ನಾವೂ ಈ ಮಾತಿಗೆ ಹೊರತಲ್ಲ. ಇದನ್ನು ಬರೆಯುವ ಮುನ್ನ ನಾವೇ ತಿದ್ದಿದ ಒಂದು ಕಟ್ಟು ಉತ್ತರಪತ್ರಿಕೆಗಳನ್ನು ತೆರೆದು ನೋಡಿದೆವು. ಪುಟಪುಟದಲ್ಲಿಯೂ ಕೆಂಪು ಶಾಯಿಯ ಅಡ್ಡಗೆರೆಗಳಿದ್ದವು; ಏಕೆ ತಪ್ಪೆಂಬ ಮಾತು ಕೆಲವೇ ಕಡೆ ಇತ್ತು. ಆ ಕಟ್ಟನ್ನು ಮತ್ತೆ ಮೇಜಿನ ಮೇಲಿಟ್ಟುಕೊಂಡು, ಗೆರೆಯ ಪಕ್ಕದಲ್ಲಿ ಒಂದೊಂದು ವಾಕ್ಯವನ್ನು ಬರೆಯಲು ಈಗ ತೊಡಗಿದ್ದೇವೆ.